ಟಾರ್ಪಿಡೊ ಪ್ರತಿ ಸಲ ಹಡಗಿನ ಹಿಂದೆ ಹಾದುಹೋಗುತ್ತಿದೆ, ಕೈಲೆಕ್ಕದ ಗುರಿ ಹೇಗೆ ಸರಿಮಾಡಿಕೊಳ್ಳುವುದು?

ಆಳನೀರು:

ಎಲ್ಲರಿಗೂ ನಮಸ್ಕಾರ. ಸೈಲೆಂಟ್ ಹಂಟರ್ 3 ಎಂಬ ಜಲಾಂತರ್ಗಾಮಿ ಯುದ್ಧದ ಕಂಪ್ಯೂಟರ್ ಆಟ ಆಡುತ್ತಿದ್ದೇನೆ. ಬೋಟ್ ಜರ್ಮನಿಯ ಟೈಪ್ 7ಸಿ ಜಲಾಂತರ್ಗಾಮಿ, ಕಾಲ 1940ರ ಕೊನೆ, ಐರ್ಲೆಂಡಿನ ಪಶ್ಚಿಮದ ಸಮುದ್ರ. ಮೊದಲು ಗುರಿಯ ಲೆಕ್ಕವನ್ನೆಲ್ಲ ಆಟವೇ ಮಾಡಿಕೊಡುತ್ತಿತ್ತು, ಪೆರಿಸ್ಕೋಪಿನಲ್ಲಿ ಹಡಗನ್ನು ಲಾಕ್ ಮಾಡಿ ಬಟನ್ ಒತ್ತಿದರೆ ಮುಗೀತು. ಈಗ ಆ ಸಹಾಯ ಆಫ್ ಮಾಡಿ ಎಲ್ಲವನ್ನೂ ಕೈಯಿಂದಲೇ ತುಂಬಿಸುತ್ತಿದ್ದೇನೆ. ನಿಂತ ಹಡಗಿಗೆ ಹೊಡೆಯುವುದು ಕಷ್ಟವಿಲ್ಲ. ಓಡುವ ಹಡಗಿಗೆ ಮಾತ್ರ ತಾಗುತ್ತಲೇ ಇಲ್ಲ, ಬಹಳ ಸಲ ಟಾರ್ಪಿಡೊ ಹಡಗಿನ ಬಾಲದ ಹಿಂದೆ ಹಾದುಹೋಗುತ್ತದೆ.

ನಾನು ಮಾಡುವುದು ಹೀಗೆ. ಹಡಗು ಯಾವ ಜಾತಿ ಎಂದು ಗುರುತಿಸುವ ಪುಸ್ತಕದಲ್ಲಿ ಹುಡುಕುತ್ತೇನೆ, ಕೂವೆಮರದ ಎತ್ತರ ಹಿಡಿದು ದೂರ ಅಳೆಯುತ್ತೇನೆ, ಅದು ನನ್ನ ಕಡೆಗೆ ಎಷ್ಟು ಓರೆಯಾಗಿದೆ ಎಂಬ ಕೋನವನ್ನು ಕಣ್ಣಂದಾಜಿನಲ್ಲಿ ಹಾಕುತ್ತೇನೆ, ಸರಕು ಹಡಗು ಅಲ್ವಾ ಅಂತ ವೇಗ 7 ನಾಟ್ ಎಂದು ಕೊಡುತ್ತೇನೆ. ದೂರ ಹೆಚ್ಚಾಗಿ 2,500ರಿಂದ 3,000 ಮೀಟರ್ ಇರುತ್ತದೆ, ಇನ್ನೂ ಹತ್ತಿರ ಹೋದರೆ ಬೆಂಗಾವಲು ಹಡಗಿನ ಕಣ್ಣಿಗೆ ಬೀಳುವ ಭಯ. ದೂರದ ಅಳತೆಯನ್ನಂತೂ ತುಂಬಾ ಜಾಗ್ರತೆಯಿಂದ ತೆಗೆದುಕೊಳ್ಳುತ್ತೇನೆ, ಎರಡು ಮೂರು ಸಲ ನೋಡಿಯೇ ಹಾಕುವುದು.

ಇನ್ನೊಂದು ವಿಷಯ. ಅಪರೂಪಕ್ಕೆ ತಾಗಿದರೂ ಕೆಲವೊಮ್ಮೆ ಬರೀ ಲೋಹದ ಸದ್ದು ಕೇಳುತ್ತದೆ, ಸ್ಫೋಟ ಇಲ್ಲ. ಆಟದಲ್ಲಿ ಕೆಟ್ಟ ಟಾರ್ಪಿಡೊಗಳ ಆಯ್ಕೆ ಆನ್ ಇದೆ, ಅದನ್ನು ತೆಗೆಯಲು ಮನಸ್ಸಿಲ್ಲ. ಅಂದಿನ ಕ್ಯಾಪ್ಟನ್‌ಗಳು ಪಟ್ಟ ಪಾಡೇ ಬೇಕು ಎಂದು ಈ ಆಟಕ್ಕೆ ಬಂದವನು ನಾನು. ದಯವಿಟ್ಟು ಯಾರಾದರೂ ಬುಡದಿಂದ ಹೇಳಿಕೊಡಿ.


ಗೈರೊಸೊನ್ನೆ:

ನೀವು ಜಾಗ್ರತೆಯಿಂದ ಅಳೆಯುತ್ತಿರುವುದು ದೂರವನ್ನು, ಅಂದಾಜಿಗೆ ಬಿಟ್ಟಿರುವುದು ವೇಗವನ್ನು. ಇದು ತಿರುಗಿ ಆಗಬೇಕು. ವೇಗವೇ ಎಲ್ಲಕ್ಕಿಂತ ಮುಖ್ಯ. ದೂರ ಎಷ್ಟಿದೆ ಎಂದು ಗೊತ್ತೇ ಇಲ್ಲದೆಯೂ ಹೊಡೆಯುವ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ ನೋಡಿ. ನಿಮ್ಮ ಎಲೆಕ್ಟ್ರಿಕ್ ಟಾರ್ಪಿಡೊ, ಅಂದರೆ ಜಿ7ಇ, 30 ನಾಟ್ ವೇಗದಲ್ಲಿ ಹೋಗುತ್ತದೆ. ಸೆಕೆಂಡಿಗೆ ಸುಮಾರು 15.4 ಮೀಟರ್. 3,000 ಮೀಟರ್ ಕ್ರಮಿಸಲು ಹೆಚ್ಚುಕಡಿಮೆ 194 ಸೆಕೆಂಡ್ ಬೇಕು. ವೇಗದಲ್ಲಿ ನೀವು ಬರೀ 1 ನಾಟ್ ತಪ್ಪು ಮಾಡಿದ್ದರೂ ಅಷ್ಟು ಹೊತ್ತಿನಲ್ಲಿ ಹಡಗು ನೀವು ಅಂದುಕೊಂಡ ಜಾಗದಿಂದ 100 ಮೀಟರ್ ಆಚೆ ಇರುತ್ತದೆ. ಹಡಗಿನ ಉದ್ದ 120 ಮೀಟರ್ ಅಂದುಕೊಳ್ಳೋಣ, ನಡುಮಧ್ಯಕ್ಕೆ ಗುರಿ ಇಟ್ಟರೆ ಆ ಕಡೆ 60, ಈ ಕಡೆ 60 ಮೀಟರ್ ಅಷ್ಟೇ ನಿಮಗಿರುವ ಅವಕಾಶ. ತಪ್ಪದೇ ಇರಲು ಸಾಧ್ಯವೇ ಇಲ್ಲ. ಅದೇ ತಪ್ಪನ್ನು 1,000 ಮೀಟರಿನಲ್ಲಿ ಮಾಡಿದರೆ ಟಾರ್ಪಿಡೊಗೆ ಬೇಕಾದದ್ದು 65 ಸೆಕೆಂಡ್, ಪಕ್ಕಕ್ಕೆ ಸರಿಯುವುದು 33 ಮೀಟರ್. ಆಗಲೂ ಹಡಗಿಗೆ ತಾಗುತ್ತದೆ. ಬೆಂಗಾವಲಿನ ಭಯ ನನಗೂ ಅರ್ಥವಾಗುತ್ತದೆ, ಆದರೆ 3,000 ಮೀಟರಿನಿಂದ ಓಡುವ ಒಂಟಿ ಹಡಗಿಗೆ ಹೊಡೆಯುವುದು ಟಾರ್ಪಿಡೊ ಹಾಳುಮಾಡಿದಂತೆ. 800ರಿಂದ 1,000 ಮೀಟರ್ ಒಳಗೆ ಬನ್ನಿ. 300 ಮೀಟರಿಗಿಂತ ಹತ್ತಿರ ಮಾತ್ರ ಹೋಗಬೇಡಿ, ಅಷ್ಟು ದೂರ ಓಡುವವರೆಗೆ ಆಟದಲ್ಲಿ ಟಾರ್ಪಿಡೊ ಸಿಡಿಯಲು ಸಿದ್ಧವಾಗಿರುವುದಿಲ್ಲ.

ಟಾರ್ಪಿಡೊ ಯಾವಾಗಲೂ ಬಾಲದ ಹಿಂದೆಯೇ ಹೋಗುತ್ತಿದೆ ಅಂದಿರಿ. ಅದೇ ದೊಡ್ಡ ಸುಳಿವು. ನೀವು ಕೊಟ್ಟ 7 ನಾಟ್‌ಗಿಂತ ಹಡಗು ಜೋರಾಗಿ ಓಡುತ್ತಿದೆ ಎಂದರ್ಥ. ಮೂತಿಯ ಮುಂದೆ ಹೋಗಿದ್ದರೆ ನಿಧಾನವಾಗಿದೆ ಎಂದು. ಇನ್ನೊಂದು ಕಾರಣವೂ ಇರಬಹುದು: ಹೊಡೆಯುವ ಮುಂಚೆ ಟ್ಯೂಬಿನ ಬಾಗಿಲು ತೆರೆಯುತ್ತಿದ್ದೀರಾ? ಮುಚ್ಚಿದ ಬಾಗಿಲಿನಲ್ಲಿ ಬಟನ್ ಒತ್ತಿದರೆ ಮೊದಲು ಬಾಗಿಲು ತೆರೆದುಕೊಂಡು ಆಮೇಲೆ ಟಾರ್ಪಿಡೊ ಹೊರಡುತ್ತದೆ. 8 ನಾಟ್‌ನ ಹಡಗು 10 ಸೆಕೆಂಡಿನಲ್ಲಿ 41 ಮೀಟರ್ ಹೋಗಿಬಿಡುತ್ತದೆ. ಕ್ಯೂ ಕೀ ಒತ್ತಿ ಬಾಗಿಲನ್ನು ಮೊದಲೇ ತೆರೆದಿಡಿ.

ವೇಗ ಅಳೆಯಲು ನನಗೆ ತುಂಬಾ ಇಷ್ಟವಾದ ದಾರಿ ಪೆರಿಸ್ಕೋಪಿನ ಗೆರೆ. ಬೋಟ್ ನಿಲ್ಲಿಸಿ ಅಥವಾ ತೀರಾ ನಿಧಾನ ಮಾಡಿ. ಪೆರಿಸ್ಕೋಪನ್ನು ಹಡಗಿನ ಮುಂದೆ ತಿರುಗಿಸಿಟ್ಟು ಅಲ್ಲಾಡಿಸದೆ ಕಾಯಿರಿ. ಹಡಗಿನ ಮೂತಿ ನಡುಗೆರೆಯನ್ನು ಮುಟ್ಟಿದ ಕೂಡಲೇ ಸ್ಟಾಪ್‌ವಾಚ್ ಒತ್ತಿ, ಬಾಲ ದಾಟಿದಾಗ ನಿಲ್ಲಿಸಿ. ಹಡಗಿನ ಉದ್ದವನ್ನು ಸೆಕೆಂಡಿನಿಂದ ಭಾಗಿಸಿ 1.94ರಿಂದ ಗುಣಿಸಿದರೆ ನಾಟ್‌ನಲ್ಲಿ ವೇಗ ಬಂತು. 120 ಮೀಟರ್ ಹಡಗು 29 ಸೆಕೆಂಡಿನಲ್ಲಿ ದಾಟಿದರೆ 8 ನಾಟ್. ಒಂದು ಸೆಕೆಂಡ್ ಹೆಚ್ಚುಕಮ್ಮಿಯಾದರೂ ಲೆಕ್ಕ ಕಾಲು ನಾಟ್ ಸುಮಾರಿಗೆ ಮಾತ್ರ ಏರುಪೇರಾಗುತ್ತದೆ. ಇದರ ಚೆಂದ ಏನೆಂದರೆ ಹಡಗು ನೇರವಾಗಿ ಅಡ್ಡ ಹೋಗುತ್ತಿರಲಿ, ಓರೆಯಾಗಿ ಹೋಗುತ್ತಿರಲಿ, ಉತ್ತರ ಅದೇ. ದೂರವೂ ಬೇಕಿಲ್ಲ. ಹಡಗಿನ ಜಾತಿ ಸರಿಯಾಗಿ ಗುರುತಿಸಿರಬೇಕು ಅಷ್ಟೇ, ಯಾಕೆಂದರೆ ಉದ್ದ ಬರುವುದು ಆ ಪುಸ್ತಕದಿಂದ.


ನಕ್ಷೆಪೆನ್ಸಿಲ್:

ಮೇಲಿನವರು ಹೇಳಿದ್ದು ಸರಿ, ಆದರೆ ಬೋಟ್ ನಿಲ್ಲಿಸಲೇಬೇಕು ಎಂದೇನಿಲ್ಲ. ಪೆರಿಸ್ಕೋಪನ್ನು ನಿಮ್ಮ ಮೂತಿಯ ನೇರಕ್ಕೆ, ಸೊನ್ನೆ ಡಿಗ್ರಿಗೆ ಇಟ್ಟು ನೀವು ದಿಕ್ಕು ಬದಲಿಸದೆ ಮುಂದೆ ಹೋಗುತ್ತಿದ್ದರೆ ಆ ನೋಟದ ಗೆರೆ ಪಕ್ಕಕ್ಕೆ ಸರಿಯುವುದೇ ಇಲ್ಲ. ನೀವು ಅದೇ ಗೆರೆಯ ಮೇಲೆ ಜಾರುತ್ತಿರುತ್ತೀರಿ. ಹಾಗಾಗಿ 2 ನಾಟ್‌ನಲ್ಲಿ ಹತ್ತಿರ ಹೋಗುತ್ತಲೇ ಅಳತೆಯೂ ಮುಗಿಯುತ್ತದೆ. ಪೆರಿಸ್ಕೋಪನ್ನು ಪಕ್ಕಕ್ಕೆ ತಿರುಗಿಸಿ ಅಳೆಯುವುದಾದರೆ ಮಾತ್ರ ನಿಮ್ಮ ಓಟ ಲೆಕ್ಕ ಕೆಡಿಸುತ್ತದೆ, ಆಗ ನಿಲ್ಲಬೇಕು.

ನನಗೆ ನಕ್ಷೆಯ ಮೇಲೆ ಗುರುತು ಹಾಕಿ ವೇಗ ತೆಗೆಯುವುದೇ ಹೆಚ್ಚು ನಂಬಿಕೆ. ಕಾರಣ, ಅದರಲ್ಲಿ ವೇಗದ ಜೊತೆ ಹಡಗಿನ ದಿಕ್ಕೂ ಸಿಗುತ್ತದೆ. ಹಡಗು ಈಗ ಎಲ್ಲಿದೆ ಎಂದು ಒಂದು ಗುರುತು. 3 ನಿಮಿಷ 15 ಸೆಕೆಂಡ್ ಬಿಟ್ಟು ಇನ್ನೊಂದು. ಎರಡರ ನಡುವಿನ ದೂರ ಎಷ್ಟು ನೂರು ಮೀಟರೋ ಅಷ್ಟೇ ನಾಟ್. 800 ಮೀಟರ್ ಆದರೆ 8 ನಾಟ್. ಭಾಗಾಕಾರ ಗುಣಾಕಾರ ಏನೂ ಬೇಡ. 1 ನಾಟ್ ಅಂದರೆ ಗಂಟೆಗೆ 1,852 ಮೀಟರ್, 195 ಸೆಕೆಂಡಿಗೆ ಹೆಚ್ಚುಕಡಿಮೆ ಸರಿಯಾಗಿ 100 ಮೀಟರ್ ಬರುವುದರಿಂದ ಈ ಸುಲಭ. ಸಮಯ ಇದ್ದರೆ ಆರೂವರೆ ನಿಮಿಷ ಕಾದು ಅರ್ಧ ಮಾಡಿ, ಅಳತೆಯ ಸಣ್ಣಪುಟ್ಟ ತಪ್ಪೂ ಅರ್ಧವಾಗುತ್ತದೆ.

ಎರಡು ಗುರುತನ್ನು ಸೇರಿಸಿ ಗೆರೆಯನ್ನು ಮುಂದಕ್ಕೆ ಎಳೆದರೆ ಹಡಗು ಎಲ್ಲಿ ಹಾದುಹೋಗುತ್ತದೆ ಎಂದು ಗೊತ್ತಾಯಿತು. ಆಮೇಲೆ ಹಡಗಿನ ಹಿಂದೆ ಓಡಬೇಡಿ. ಹಗಲಾದರೆ ಅದರ ಕಣ್ಣಿಗೆ ಬೀಳದಷ್ಟು ದೂರದಲ್ಲಿ ನೀರ ಮೇಲೆ ಬಳಸಿಕೊಂಡು ಹೋಗಿ ಆ ಗೆರೆಯ ಮುಂದೆ ಕೂರಿ. 7ಸಿ ಬೋಟ್ ನೀರ ಮೇಲೆ 17 ನಾಟ್‌ಗಿಂತ ಸ್ವಲ್ಪ ಜಾಸ್ತಿ ಓಡುತ್ತದೆ, ಮುಳುಗಿದರೆ ಏಳೂವರೆ, ಅದೂ ಬ್ಯಾಟರಿ ಬೇಗ ಖಾಲಿ ಮಾಡಿಕೊಂಡು. ಮುಳುಗಿದ ಮೇಲೆ ಯಾವ ಹಡಗನ್ನೂ ಬೆನ್ನಟ್ಟಿ ಹಿಡಿಯಲು ಆಗುವುದಿಲ್ಲ. ಅದು ಬರುವ ದಾರಿಯಲ್ಲಿ ನೀವು ಮೊದಲೇ ಇರಬೇಕು. ಬೇಟೆಯ ಮುಕ್ಕಾಲು ಭಾಗ ಇಲ್ಲೇ ಮುಗಿಯುತ್ತದೆ.


ಗೈರೊಸೊನ್ನೆ:

ನೋಟದ ಗೆರೆಯ ಮೇಲೆ ಜಾರುವ ವಿಷಯ ಚೆನ್ನಾಗಿ ಹೇಳಿದಿರಿ, ಥ್ಯಾಂಕ್ಸ್. ಈಗ ದೂರ ಬೇಡದ ಹೊಡೆತಕ್ಕೆ ಬರುತ್ತೇನೆ. ಸೈಲೆಂಟ್ ಹಂಟರ್ 3 ಆಡುವವರು ಇದನ್ನು ಫಾಸ್ಟ್ 90 ಅನ್ನುತ್ತಾರೆ.

ನಕ್ಷೆಯಲ್ಲಿ ಹಡಗಿನ ದಾರಿ ಸಿಕ್ಕಿದ ಮೇಲೆ ನಿಮ್ಮ ಬೋಟಿನ ಮೂತಿ ಆ ದಾರಿಗೆ ಸರಿಯಾಗಿ 90 ಡಿಗ್ರಿ ಇರುವಂತೆ ತಿರುಗಿ ನಿಲ್ಲಿ. ದಾರಿಯಿಂದ 800-900 ಮೀಟರ್ ದೂರ ಸಾಕು. ಟಾರ್ಪಿಡೊ ಎಡಕ್ಕೂ ತಿರುಗಬಾರದು, ಬಲಕ್ಕೂ ತಿರುಗಬಾರದು, ಟ್ಯೂಬಿನಿಂದ ಹೊರಟು ನೇರವಾಗಿ ಹೋಗಬೇಕು. ಅಂದರೆ ಗೈರೊ ಕೋನ ಸೊನ್ನೆ. ಆಗ ಉಳಿಯುವುದು ಒಂದೇ ಪ್ರಶ್ನೆ, ಹಡಗು ಎಷ್ಟು ಡಿಗ್ರಿ ಈಚೆ ಇರುವಾಗ ಬಿಡಬೇಕು ಎಂಬುದು. ಹಡಗಿನ ವೇಗವನ್ನು ಟಾರ್ಪಿಡೊ ವೇಗದಿಂದ ಭಾಗಿಸಿ, ಬಂದದ್ದು ಯಾವ ಕೋನದ ಟ್ಯಾನ್ ಎಂದು ನೋಡಿ. 8 ನಾಟ್ ಹಡಗು, 30 ನಾಟ್ ಟಾರ್ಪಿಡೊ ಆದರೆ ಸುಮಾರು 15 ಡಿಗ್ರಿ. 10 ನಾಟ್ ಆದರೆ 18ಕ್ಕಿಂತ ಸ್ವಲ್ಪ ಜಾಸ್ತಿ. ಹಬೆ ಟಾರ್ಪಿಡೊ ಜಿ7ಎಯನ್ನು 44 ನಾಟ್‌ನಲ್ಲಿ ಬಿಟ್ಟರೆ 8 ನಾಟ್ ಹಡಗಿಗೆ 10 ಡಿಗ್ರಿ ಸಾಕು. ಈ ಕೋನದಲ್ಲಿ ದೂರ ಎಲ್ಲೂ ಬರಲಿಲ್ಲ ನೋಡಿ. ಹಡಗು 600 ಮೀಟರಿನಲ್ಲಿದ್ದರೂ 1,200ರಲ್ಲಿದ್ದರೂ ಕೋನ ಅದೇ, ಯಾಕೆಂದರೆ ದೂರ ಹೆಚ್ಚಾದಂತೆ ಟಾರ್ಪಿಡೊ ಓಡುವ ಹೊತ್ತೂ, ಹಡಗು ಕ್ರಮಿಸುವ ದಾರಿಯೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ.

ಹಡಗು ಎಡದಿಂದ ಬಲಕ್ಕೆ ಹೋಗುತ್ತಿದೆ ಎಂದುಕೊಳ್ಳಿ. ಪೆರಿಸ್ಕೋಪನ್ನು 345 ಡಿಗ್ರಿಗೆ, ಅಂದರೆ ಮೂತಿಯಿಂದ 15 ಡಿಗ್ರಿ ಎಡಕ್ಕೆ ತಿರುಗಿಸಿ. ಗುರಿಯಂತ್ರಕ್ಕೆ ವೇಗ 8, ಓರೆ ಕೋನ ಬಲಬದಿ 75 ಕೊಡಿ, 90ರಿಂದ 15 ಕಳೆದದ್ದು. ಗೈರೊ ಸೊನ್ನೆಯ ಹತ್ತಿರ ತೋರಿಸಿದರೆ ಎಲ್ಲ ಸರಿ ಇದೆ. ಮತ್ತೆ ಏನನ್ನೂ ಮುಟ್ಟಬೇಡಿ. ಬಾಗಿಲು ತೆರೆದಿಟ್ಟು ಕಾಯಿರಿ, ಹಡಗಿನ ಯಾವ ಭಾಗಕ್ಕೆ ಹೊಡೆಯಬೇಕೋ ಆ ಭಾಗ ಗೆರೆಗೆ ಬಂದಾಗ ಬಿಡಿ. ಚಿಮಣಿಯ ಕೆಳಗೆ ಬೇಕೋ, ಮುಂದಿನ ಗೋದಾಮಿಗೆ ಬೇಕೋ, ನೀವೇ ಆರಿಸಬಹುದು. ಎರಡು ಟಾರ್ಪಿಡೊ ಬಿಡುವುದಾದರೆ ಮುಂದಿನ ಕೂವೆಮರಕ್ಕೆ ಒಂದು, ಹಿಂದಿನದಕ್ಕೆ ಒಂದು.

ಓರೆ ಕೋನದ ಬಗ್ಗೆ ಒಂದು ಮಾತು ಹೇಳಲೇಬೇಕು. ನೀವು ಅದನ್ನು ಕಣ್ಣಂದಾಜಿನಲ್ಲಿ ಹಾಕುತ್ತೀರಿ ಅಂದಿರಿ. 90ರ ಹತ್ತಿರ ಅದು ನಡೆಯುತ್ತದೆ, 45ರ ಹತ್ತಿರ ನಡೆಯುವುದಿಲ್ಲ. ಹಡಗು ನಿಮಗೆ ನೇರ ಅಡ್ಡ ಇದ್ದಾಗ 10 ಡಿಗ್ರಿ ತಪ್ಪು ಅಂದಾಜು ಮಾಡಿದರೂ, ಮೇಲಿನ ಅದೇ 8 ಮತ್ತು 30ರ ಲೆಕ್ಕದಲ್ಲಿ, ಗುರಿ ಕಾಲು ಡಿಗ್ರಿ ಸರಿಯುತ್ತದೆ. 1,000 ಮೀಟರಿನಲ್ಲಿ ಅದು ನಾಲ್ಕೈದು ಮೀಟರ್. 45 ಡಿಗ್ರಿ ಇದ್ದಾಗ ಅದೇ ತಪ್ಪಿಗೆ ಗುರಿ 2 ಡಿಗ್ರಿ ಸರಿಯುತ್ತದೆ, ಅಂದರೆ 35 ಮೀಟರ್‌ಗೂ ಜಾಸ್ತಿ. ಅದಕ್ಕೇ ಎಲ್ಲರೂ 90, 90 ಅನ್ನುವುದು. ನಿಮ್ಮ ತಪ್ಪುಗಳನ್ನು ಆ ಕೋನವೇ ನುಂಗಿಕೊಳ್ಳುತ್ತದೆ.


ರಾತ್ರಿಬೇಟೆ:

ಸಿಡಿಯದ ಟಾರ್ಪಿಡೊ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ಆ ಆಯ್ಕೆಯನ್ನು ಆನ್ ಇಟ್ಟುಕೊಂಡಿದ್ದೀರಿ ಎಂದು ಓದಿ ಖುಷಿಯಾಯಿತು. ಅದಿಲ್ಲದೆ 1940 ಎಂದರೆ 1940 ಅನಿಸುವುದೇ ಇಲ್ಲ.

ನಿಜವಾದ ಯುದ್ಧದಲ್ಲಿ ಇದು ಎಷ್ಟು ದೊಡ್ಡ ಸಮಸ್ಯೆ ಆಗಿತ್ತು ಗೊತ್ತಾ? 1939ರ ಸೆಪ್ಟೆಂಬರ್ 14ರಂದು ಯು-39 ಎಂಬ ಜರ್ಮನ್ ಜಲಾಂತರ್ಗಾಮಿ ಬ್ರಿಟಿಷರ ವಿಮಾನವಾಹಕ ಆರ್ಕ್ ರಾಯಲ್ ಮೇಲೆ ಟಾರ್ಪಿಡೊ ಬಿಟ್ಟಿತು. ಅವು ಹಡಗನ್ನು ಮುಟ್ಟುವ ಮೊದಲೇ ಸಿಡಿದವು. ಆಮೇಲೆ ಯು-39 ತಾನೇ ಸಿಕ್ಕಿಬಿದ್ದು ಡಿಸ್ಟ್ರಾಯರ್‌ಗಳ ಕೈಯಲ್ಲಿ ಮುಳುಗಿತು, ಆ ಯುದ್ಧದಲ್ಲಿ ಜರ್ಮನಿ ಕಳೆದುಕೊಂಡ ಮೊದಲ ಯು-ಬೋಟ್ ಅದು. ಮುಂದಿನ ತಿಂಗಳ ಕೊನೆಯಲ್ಲಿ ಯು-56 ನೆಲ್ಸನ್ ಎಂಬ ಯುದ್ಧನೌಕೆಗೆ ಗುರಿಯಿಟ್ಟಿತು, ಟಾರ್ಪಿಡೊ ತಾಗಿತು, ಸಿಡಿಯಲಿಲ್ಲ. 1940ರ ಏಪ್ರಿಲ್‌ನಲ್ಲಿ ನಾರ್ವೆಯ ಕಿರುಗಡಲಲ್ಲಿ ಯು-47ರ ಪ್ರಿಯೆನ್ ಲಂಗರು ಹಾಕಿ ನಿಂತ ಹಡಗುಗಳ ಸಾಲಿಗೇ ಹೊಡೆದರೂ ಒಂದೂ ಮುಳುಗಲಿಲ್ಲ. ನಿಂತ ಹಡಗು! ಅಷ್ಟು ದೊಡ್ಡ ಕ್ಯಾಪ್ಟನ್!

ಕಾರಣ ಒಂದೇ ಆಗಿರಲಿಲ್ಲ. ಹಡಗಿನ ಅಡಿಯಲ್ಲಿ ಹೋಗುವಾಗ ಅದರ ಕಾಂತಶಕ್ತಿಯಿಂದ ಸಿಡಿಯಬೇಕಾದ ಪಿಸ್ತೂಲು (ಟಾರ್ಪಿಡೊವನ್ನು ಸಿಡಿಸುವ ಭಾಗಕ್ಕೆ ಹೀಗೆನ್ನುತ್ತಾರೆ) ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ತಾಗಿದಾಗ ಸಿಡಿಯುವ ಪಿಸ್ತೂಲಿನಲ್ಲೂ ದೋಷ ಇತ್ತು. ಇದರ ಮೇಲೆ ಟಾರ್ಪಿಡೊಗಳು ಹೇಳಿದ ಆಳಕ್ಕಿಂತ ಕೆಳಗೆ ಓಡುತ್ತಿದ್ದವು. ಬೋಟ್ ತುಂಬಾ ಹೊತ್ತು ಮುಳುಗಿದ್ದರೆ ಒಳಗಿನ ಗಾಳಿಯ ಒತ್ತಡ ಏರುತ್ತದೆ, ಆ ಗಾಳಿ ಟಾರ್ಪಿಡೊದ ಆಳ ನಿಯಂತ್ರಿಸುವ ಕೋಣೆಯೊಳಗೆ ಸೋರಿ ಅದರ ಲೆಕ್ಕ ತಪ್ಪಿಸುತ್ತಿತ್ತು. ಈ ಸೋರಿಕೆ ಪತ್ತೆಯಾದದ್ದು 1942ರ ಆರಂಭದಲ್ಲಿ. ಎರಡು ವರ್ಷಕ್ಕೂ ಮೇಲೆ ಕಾರಣ ಗೊತ್ತಿಲ್ಲದೆಯೇ ಆ ಜನ ಸಮುದ್ರಕ್ಕೆ ಹೋಗಿ ಬರುತ್ತಿದ್ದರು.

ಆಟಕ್ಕೆ ಬಂದರೆ, ನಿಮ್ಮ ಕಾಲಕ್ಕೆ ಕಾಂತದ ಪಿಸ್ತೂಲನ್ನು ನಂಬಬೇಡಿ. ನಾರ್ವೆ ಆದಮೇಲೆ ನಿಜವಾದ ಬೋಟ್‌ಗಳೂ ಅದನ್ನು ಕೈಬಿಟ್ಟವು. ತಾಗಿ ಸಿಡಿಯುವ ಪಿಸ್ತೂಲು ಹಾಕಿ, ಆಳ 2ರಿಂದ 3 ಮೀಟರ್ ಇಡಿ. ಹಡಗಿನ ಬದಿಗೆ ಆದಷ್ಟು ನೇರವಾಗಿ ತಾಗಬೇಕು, ತುಂಬಾ ಓರೆಯಾಗಿ ಉಜ್ಜಿದರೆ ನೀವು ಕೇಳಿದ ಆ ಲೋಹದ ಸದ್ದೇ ಬರುವುದು. ಗೈರೊಸೊನ್ನೆ ಅವರ 90 ಡಿಗ್ರಿ ವಿಧಾನ ಈ ಕೆಲಸವನ್ನೂ ತಾನಾಗಿಯೇ ಮಾಡಿಕೊಡುತ್ತದೆ. ಅಲೆ ದೊಡ್ಡದಿದ್ದರೆ ಆಳ ಇನ್ನೊಂದು ಮೀಟರ್ ಹೆಚ್ಚಿಸಿ. ಕಾಂತದ್ದನ್ನು ಹಾಕಲೇಬೇಕು ಅನಿಸಿದರೆ ಶಾಂತ ಸಮುದ್ರ ಇರಬೇಕು, ಪುಸ್ತಕದಲ್ಲಿ ಹಡಗು ಎಷ್ಟು ಮೀಟರ್ ನೀರೊಳಗಿದೆ ಎಂದು ನೋಡಿ ಅದಕ್ಕಿಂತ 1 ಮೀಟರ್ ಕೆಳಗೆ ಇಡಿ. ಸರಿಯಾಗಿ ಸಿಡಿದರೆ ಹಡಗಿನ ಬೆನ್ನೆಲುಬೇ ಮುರಿಯುತ್ತದೆ, ಅದು ನಿಜ.

ಇನ್ನೊಂದು, ಹಬೆ ಟಾರ್ಪಿಡೊ ನೀರ ಮೇಲೆ ಗುಳ್ಳೆಗಳ ಸಾಲು ಬಿಟ್ಟು ಹೋಗುತ್ತದೆ. ಹಗಲಲ್ಲಿ ಹಡಗಿನವರು ಅದನ್ನು ಕಂಡರೆ ತಿರುಗಿಸಿಬಿಡುತ್ತಾರೆ. ಹಗಲಿಗೆ ಎಲೆಕ್ಟ್ರಿಕ್, ರಾತ್ರಿಗೆ ಹಬೆ, ಇದು ನನ್ನ ನಿಯಮ.


ಆಳನೀರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೇವ್ ಮಾಡಿಟ್ಟಿದ್ದ ಅದೇ ಒಂಟಿ ಹಡಗಿನ ಮೇಲೆ ಪ್ರಯತ್ನಿಸಿದೆ. ಗೆರೆ ಹಿಡಿದು ಅಳೆದರೆ ಅದರ ವೇಗ 9 ನಾಟ್‌ಗಿಂತ ಜಾಸ್ತಿ ಬಂತು. 90 ಡಿಗ್ರಿಗೆ ನಿಂತು, 900 ಮೀಟರಿನಿಂದ, ಆಳ 3 ಮೀಟರ್ ಇಟ್ಟು ಬಿಟ್ಟೆ. ಚಿಮಣಿಯ ಕೆಳಗೇ ಹೊಡೆಯಿತು! ದೂರದ ಅಳತೆ ಮುಟ್ಟಲೇ ಇಲ್ಲ.

ಈಗ ಕನ್ವಾಯ್, ಅಂದರೆ ಬೆಂಗಾವಲಿನ ಜೊತೆ ಗುಂಪಾಗಿ ಹೋಗುವ ಹಡಗುಗಳ ವಿಷಯ ಕೇಳುತ್ತೇನೆ. ಒಂದು ಹಡಗಿಗೆ ತಾಗಿದ ಕೂಡಲೇ ಉಳಿದವು ಅಂಕುಡೊಂಕಾಗಿ ಓಡಲು ಶುರುಮಾಡುತ್ತವೆ, ಆಮೇಲೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಮುಂದಿನ ನಾಲ್ಕು ಟ್ಯೂಬನ್ನೂ ಬೇರೆ ಬೇರೆ ಹಡಗಿಗೆ ಬಳಸುವುದು ಹೇಗೆ?


ನಕ್ಷೆಪೆನ್ಸಿಲ್:

ಎಲ್ಲ ಟಾರ್ಪಿಡೊಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಾಗಬೇಕು. ಅಂದರೆ ದೂರದ ಹಡಗಿಗೆ ಮೊದಲು, ಹತ್ತಿರದ ಹಡಗಿಗೆ ಕೊನೆಗೆ. ಒಂದು ಹಡಗು 2,400 ಮೀಟರಿನಲ್ಲಿ, ಇನ್ನೊಂದು 900ರಲ್ಲಿ ಇದೆ ಎನ್ನೋಣ. ಎರಡಕ್ಕೂ 30 ನಾಟ್ ಬಿಟ್ಟರೆ ದೂರದ್ದಕ್ಕೆ 156 ಸೆಕೆಂಡ್, ಹತ್ತಿರದ್ದಕ್ಕೆ 58. ನಡುವೆ 98 ಸೆಕೆಂಡ್ ಕಾಯಬೇಕು, ಅಷ್ಟರಲ್ಲಿ 8 ನಾಟ್‌ನ ಹಡಗು 400 ಮೀಟರ್ ಮುಂದೆ ಹೋಗಿರುತ್ತದೆ, ನಿಮ್ಮ ಗೆರೆ ದಾಟಿಯೇ ಹೋಗಿರಬಹುದು. ಬದಲಿಗೆ ದೂರದ್ದಕ್ಕೆ ಹಬೆ ಟಾರ್ಪಿಡೊವನ್ನು 44 ನಾಟ್‌ನಲ್ಲಿ ಬಿಡಿ, 106 ಸೆಕೆಂಡಿನಲ್ಲಿ ತಲುಪುತ್ತದೆ. ಆಗ ಕಾಯಬೇಕಾದದ್ದು 48 ಸೆಕೆಂಡ್, ಹತ್ತಿರದ ಹಡಗು ಸರಿಯುವುದು 200 ಮೀಟರ್ ಅಷ್ಟೇ. ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಗೆರೆಗೆ ಇನ್ನೂ ಬಾರದ ಹಡಗನ್ನೇ ಹತ್ತಿರದ ಗುರಿಯಾಗಿ ಆರಿಸಿಕೊಳ್ಳಿ.

ಕನ್ವಾಯ್‌ನಲ್ಲಿ ಒಂದು ಅನುಕೂಲ ಇದೆ. ಎಲ್ಲ ಹಡಗುಗಳದೂ ಒಂದೇ ವೇಗ, ಒಂದೇ ದಿಕ್ಕು. ಒಂದರ ಲೆಕ್ಕ ಸರಿಯಾಗಿ ತೆಗೆದರೆ ಎಲ್ಲದರದೂ ಸಿಕ್ಕಂತೆ. ದೂರದ ಸಾಲಿಗೆ ಬಿಟ್ಟದ್ದು ತಪ್ಪಿದರೂ ಅದರ ಹಿಂದಿನ ಸಾಲಿನ ಹಡಗಿಗೆ ತಾಗುವ ಸಾಧ್ಯತೆ ಇರುತ್ತದೆ. ಹಾಗಾಗಿ ಮೊದಲು 3,000 ಮೀಟರಿನ ಬಗ್ಗೆ ಹೇಳಿದ್ದು ಒಂಟಿ ಹಡಗಿಗೆ ಮಾತ್ರ, ದಟ್ಟವಾದ ಸಾಲುಗಳಿಗೆ ದೂರದ ಹೊಡೆತವೂ ಲಾಭವೇ.


ಗೈರೊಸೊನ್ನೆ:

ಇದನ್ನು ನಾನು ಒಪ್ಪುವುದಿಲ್ಲ. 7ಸಿಯಲ್ಲಿ ಇರುವುದೇ 14 ಟಾರ್ಪಿಡೊ. ಸಾಲಿನೊಳಗೆ ಯಾವುದಕ್ಕಾದರೂ ತಾಗಲಿ ಎಂದು ಬಿಡುವುದಕ್ಕಿಂತ ಎರಡೇ ಹಡಗು ಆರಿಸಿ, ತಲಾ ಎರಡರಂತೆ ಹೊಡೆದು, ಎರಡೂ ಮುಳುಗುವುದನ್ನು ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು. ದೊಡ್ಡ ಟ್ಯಾಂಕರ್ ಒಂದು ಟಾರ್ಪಿಡೊ ತಿಂದು ಕುಂಟುತ್ತಾ ಮನೆ ಸೇರುವುದನ್ನು ಎಷ್ಟೋ ಸಲ ನೋಡಿದ್ದೇನೆ.


ರಾತ್ರಿಬೇಟೆ:

ಇಬ್ಬರೂ ಹಗಲಿನ, ಮುಳುಗಿದ ಬೇಟೆಯ ಲೆಕ್ಕದಲ್ಲಿ ಮಾತಾಡುತ್ತಿದ್ದೀರಿ. 1940ರ ಕೊನೆ ಅಂದರೆ ರಾತ್ರಿ ನೀರ ಮೇಲೆ ಹೋಗಿ ಹೊಡೆಯುವ ಕಾಲ. ಯು-99ರ ಕ್ಯಾಪ್ಟನ್ ಕ್ರೆಚ್ಮರ್ ಮಾಡುತ್ತಿದ್ದದ್ದು ಅದೇ, ಕತ್ತಲಲ್ಲಿ ಕನ್ವಾಯ್ ಸಾಲುಗಳ ಒಳಗೇ ನುಗ್ಗಿ ಒಂದು ಹಡಗಿಗೆ ಒಂದೇ ಟಾರ್ಪಿಡೊ. ಬೆಂಗಾವಲಿನ ಆಸ್ಡಿಕ್ (ಸದ್ದಿನ ಪ್ರತಿಧ್ವನಿಯಿಂದ ಪತ್ತೆಹಚ್ಚುವ ಯಂತ್ರ) ಹುಡುಕುವುದು ನೀರೊಳಗಿನ ಬೋಟನ್ನು, ನೀರ ಮೇಲಿರುವ ಬೋಟ್ ಅದಕ್ಕೆ ಸುಲಭಕ್ಕೆ ಸಿಗುತ್ತಿರಲಿಲ್ಲ. 1941ರಲ್ಲಿ ಬ್ರಿಟಿಷರ 271 ರೇಡಾರ್ ಹಡಗುಗಳಿಗೆ ಬರತೊಡಗಿದ ಮೇಲೆ ಈ ಬಾಗಿಲು ನಿಧಾನವಾಗಿ ಮುಚ್ಚಿತು. ನಿಮಗೆ ಅದು ಇನ್ನೂ ತೆರೆದಿದೆ, ಉಪಯೋಗಿಸಿಕೊಳ್ಳಿ. ಬೋಟಿನ ಕಿರಿದಾದ ಮೂತಿಯನ್ನೇ ಬೆಂಗಾವಲಿನ ಕಡೆ ತೋರಿಸುತ್ತಾ ಹೋಗಿ, ಬದಿ ತೋರಿಸಬೇಡಿ. ಹುಣ್ಣಿಮೆ ಇದ್ದರೆ ಚಂದ್ರ ಹಡಗಿನ ಹಿಂದೆ ಬರುವ ಹಾಗೆ, ನೀವು ಕತ್ತಲ ಕಡೆ ಇರುವ ಹಾಗೆ ನೋಡಿಕೊಳ್ಳಿ. 600 ಮೀಟರಿನಿಂದ ಹೊಡೆದರೆ ಒಂದು ಹಡಗಿಗೆ ಎರಡು ಟಾರ್ಪಿಡೊ ಬೇಕೋ ಬೇಡವೋ ಎಂಬುದನ್ನು ನಿಂತು ನೋಡಿ ನಿರ್ಧರಿಸಲೂ ಸಮಯ ಸಿಗುತ್ತದೆ.


ಮಾರ್ಕ್‌ಹದಿನಾಲ್ಕು:

ನಾನು ಆಡುವುದು ಸೈಲೆಂಟ್ ಹಂಟರ್ 4, ಪೆಸಿಫಿಕ್ ಸಮುದ್ರ, ಅಮೆರಿಕದ ಬೋಟ್. ಮುಂದೆ ಅದಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. ಮೇಲೆ ಹೇಳಿದ ನೇರ ಹೊಡೆತದ ನಿಯಮ ಅಲ್ಲಿ ತಿರುಗುಮುರುಗಾಗುತ್ತದೆ. ಮಾರ್ಕ್ 14 ಟಾರ್ಪಿಡೊದ ತಾಗಿ ಸಿಡಿಯುವ ಭಾಗ 90 ಡಿಗ್ರಿಗೆ ಬಲವಾಗಿ ತಾಗಿದಾಗಲೇ ನಜ್ಜುಗುಜ್ಜಾಗಿ ಕೈಕೊಡುತ್ತಿತ್ತು. 1943ರ ಜುಲೈ 24ರಂದು ಟಿನೋಸಾ ಬೋಟಿನ ಕ್ಯಾಪ್ಟನ್ ಡಾಸ್ಪಿಟ್ ಒಂದು ದೊಡ್ಡ ಜಪಾನಿ ಎಣ್ಣೆ ಹಡಗನ್ನು ಓರೆ ಹೊಡೆತಗಳಿಂದ ನಿಲ್ಲಿಸಿದರು. ನಿಂತ ಮೇಲೆ ನೇರ ಬದಿಗೆ ಬಂದು, ನಿಧಾನವಾಗಿ ಗುರಿಯಿಟ್ಟು, ಒಂದರ ಹಿಂದೆ ಒಂದು ಬಿಟ್ಟರು. ಒಂದೂ ಸಿಡಿಯಲಿಲ್ಲ. ಕೊನೆಯ ಟಾರ್ಪಿಡೊವನ್ನು ಬಿಡದೆ ಪರೀಕ್ಷೆಗೆಂದು ಪರ್ಲ್ ಹಾರ್ಬರ್‌ಗೆ ವಾಪಸ್ ತಂದರು. ಆಮೇಲೆ ಹವಾಯಿಯ ಕಹೋಲವೆ ದ್ವೀಪದ ಬಂಡೆಗೆ ಹೊಡೆದು, ಕ್ರೇನಿನಿಂದ ಕೆಳಗೆ ಬೀಳಿಸಿ ಪರೀಕ್ಷೆ ಮಾಡಿದಾಗ ದೋಷ ಖಚಿತವಾಯಿತು. ಅದೂ ಅಲ್ಲದೆ 1942ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಆಲ್ಬನಿ ಹತ್ತಿರ ಬಲೆ ಕಟ್ಟಿ ಹೊಡೆದು ನೋಡಿದಾಗಲೇ ಇವು ಹೇಳಿದ್ದಕ್ಕಿಂತ 10 ಅಡಿ ಸುಮಾರು ಕೆಳಗೆ ಓಡುತ್ತವೆ ಎಂದು ಗೊತ್ತಾಗಿತ್ತು.

ಹಾಗಾಗಿ 1943ರ ಸೆಪ್ಟೆಂಬರ್‌ಗಿಂತ ಮುಂಚಿನ ಕಾಲ ಆಡುವುದಾದರೆ ಆಳ ಕಮ್ಮಿ ಇಟ್ಟು 45 ಡಿಗ್ರಿ ಓರೆಯಲ್ಲಿ ಹೊಡೆಯಿರಿ. ಓರೆ ಕೋನದ ತಪ್ಪಿಗೆ ಅಲ್ಲಿ ಕ್ಷಮೆ ಇಲ್ಲ ಎಂದು ಗೈರೊಸೊನ್ನೆ ತೋರಿಸಿದ್ದಾರೆ, ಆದ್ದರಿಂದ ಹಡಗಿನ ದಿಕ್ಕನ್ನು ನಕ್ಷೆಯಲ್ಲಿ ಮೂರು ಗುರುತು ಹಾಕಿಯಾದರೂ ಗಟ್ಟಿ ಮಾಡಿಕೊಳ್ಳಬೇಕು. ನಿಮ್ಮ ಫಾಸ್ಟ್ 90ನಂಥದ್ದೇ ನಮ್ಮಲ್ಲೂ ಇದೆ, ಟ್ಯಾಂಗ್ ಬೋಟಿನ ಕ್ಯಾಪ್ಟನ್ ಹೆಸರಿನಿಂದ ಅದನ್ನು ಡಿಕ್ ಓಕೇನ್ ವಿಧಾನ ಅನ್ನುತ್ತೇವೆ.


ಆಳನೀರು:

ಇಷ್ಟೊಂದು ವಿವರಕ್ಕೆ ಋಣಿ. ಇವತ್ತು ರಾತ್ರಿ ದಾಳಿಯನ್ನೇ ಮಾಡಿ ನೋಡುತ್ತೇನೆ. ಒಂದೇ ಪ್ರಶ್ನೆ ಉಳಿಯಿತು, ನಾಲ್ಕೂ ಮುಂದಿನ ಟ್ಯೂಬ್ ಖಾಲಿ ಮಾಡಿ ತಿರುಗುವಾಗ ಹಿಂದಿನ ಟ್ಯೂಬಿನದನ್ನು ಬಿಟ್ಟೇ ಹೋಗಬೇಕಾ, ಉಳಿಸಿಕೊಳ್ಳಬೇಕಾ?


ರಾತ್ರಿಬೇಟೆ:

ತಿರುಗುವಾಗ ಬಾಲ ಹೇಗೂ ಕನ್ವಾಯ್ ಕಡೆಗೇ ಬರುತ್ತದೆ. ಗೈರೊ ಸೊನ್ನೆ ಹತ್ತಿರ ಬಂದು, ಹಡಗು 1,000 ಮೀಟರ್ ಒಳಗೆ ಇದ್ದರೆ ಬಿಡಿ. ಇಲ್ಲದಿದ್ದರೆ ಅದಕ್ಕಾಗಿ ದಿಕ್ಕು ಸರಿಮಾಡುತ್ತಾ ನಿಲ್ಲಬೇಡಿ, ಬೆಂಗಾವಲು ಆಗಲೇ ನಿಮ್ಮ ಕಡೆ ತಿರುಗಿರುತ್ತದೆ. ನೀರ ಮೇಲೆಯೇ ಪೂರ್ತಿ ವೇಗದಲ್ಲಿ ದೂರ ಹೋಗಿ, ಬೆನ್ನಟ್ಟಿ ಬರುವುದು ಖಚಿತವಾದರೆ ಮಾತ್ರ ಮುಳುಗಿ. ಟ್ಯೂಬ್‌ಗಳನ್ನು ಮತ್ತೆ ತುಂಬಿಸುವುದು ಆ ಗಲಾಟೆ ತಣ್ಣಗಾದ ಮೇಲೆ, ಯಾಕೆಂದರೆ ಮುಳುಗಿ ಸದ್ದಿಲ್ಲದೆ ಓಡುವಾಗ ಆ ಕೆಲಸ ನಡೆಯುವುದಿಲ್ಲ. ಮುಂದೆ ಹೋಗಿ ಕೂತರೆ ಬೆಳಗಾಗುವ ಮೊದಲು ಅದೇ ಕನ್ವಾಯ್ ಇನ್ನೊಂದು ಸಲ ಸಿಗುತ್ತದೆ.